ಮೆಟ್ಟಿಲಿಗೊಂದು ಬೊಟ್ಟು

ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತುವವರಲ್ಲಿ ಎರಡು ತೆರ. ಎಷ್ಟು ನಿಮಿಷದಲ್ಲಿ ಹತ್ತಿದೆವೆಂದು ಗಡಿಯಾರ ನೋಡುವವರು ಒಂದು. ಮೆಟ್ಟಿಲಿಗೊಂದು ಬೊಟ್ಟಿಡುತ್ತ ಹತ್ತುವ ಹೆಂಗಸರು ಇನ್ನೊಂದು. ಕಳೆದ ಆಷಾಢದ ಒಂದು ಶುಕ್ರವಾರ ಅಮ್ಮ, ದೊಡ್ಡಮ್ಮ ಮತ್ತು ನಮ್ಮ ಬೀದಿಯ ಐದಾರು ಹೆಂಗಸರೊಡನೆ ನಾನೂ ಈ ಎರಡನೆಯ ಗುಂಪಿಗೆ ಸೇರಿದೆ.

ಮೆಟ್ಟಿಲುಗಳು ಸುಮಾರು ಸಾವಿರ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದವು. ಬಿರುಸಾಗಿ ನಡೆಯುವವರಿಗೆ ಮುಕ್ಕಾಲು ಗಂಟೆಯ ಹಾದಿ. ಬೊಟ್ಟಿಡುವವರ ಲೆಕ್ಕವೇ ಬೇರೆ. ಪ್ರತಿ ಮೆಟ್ಟಿಲಿಗೂ ಬಗ್ಗಬೇಕು, ಅರಿಸಿನ ಹಚ್ಚಬೇಕು, ಕುಂಕುಮವಿಟ್ಟು ಏಳಬೇಕು. ಇನ್ನೂರು ಮೆಟ್ಟಿಲಿಗೇ ನನಗೆ ಸೊಂಟ ಹಿಡಿಯಿತು. ಇನ್ನೆಷ್ಟಿದೆಯೋ ಎಂದು ತಲೆಯೆತ್ತಿದೆ. ಮಂಡಿನೋವಿನ ದೊಡ್ಡಮ್ಮ ಹಿಂದಿನಿಂದ, "ಮೇಲಕ್ಕೆ ನೋಡಬೇಡ ಕಣೇ, ಮುಂದಿನ ಮೆಟ್ಟಿಲು ನೋಡು" ಎಂದರು. ಪರೀಕ್ಷೆಯ ಹಿಂದಿನ ರಾತ್ರಿ ಇಷ್ಟು ಉಪಯುಕ್ತವಾದ ಮಾತನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಅರ್ಧ ದಾರಿ ಕಳೆದ ಮೇಲೆ ನಂದಿ. ಒಂದೇ ಬಂಡೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ಆ ಬಸವಣ್ಣನ ಬಳಿ ಎಲ್ಲರೂ ಕುಳಿತೆವು. ಜಿನುಗುಮಳೆಗೆ ಕುಂಕುಮ ಕರಗಿ ಕೈಗಳೆಲ್ಲ ಕೆಂಪಾಗಿದ್ದವು. ಅವರವರ ಹರಕೆಯ ಮಾತು ಬಂತು. ಒಬ್ಬರಿಗೆ ಮಗನ ಕೆಲಸ, ಇನ್ನೊಬ್ಬರಿಗೆ ಮನೆಯ ಸಾಲ. "ನಿನ್ನದೇನಮ್ಮ?" ಎಂದೆ. ಅಮ್ಮ ನಕ್ಕು, "ಬೆಳಗಿನಿಂದ ಯಾರೂ ಕಾಫಿ ಎಲ್ಲಿ ಎಂದು ಕೇಳಿಲ್ಲ. ಬೇಡುವ ಮೊದಲೇ ತಾಯಿ ಕೊಟ್ಟಳು" ಎಂದಳು.

ಎಲ್ಲರೂ ನಕ್ಕರು, ನನಗೆ ಮಾತ್ರ ಆ ಮಾತು ನಾಟಿತು. ಗೆಳತಿಯರೊಡನೆ ಬೆಟ್ಟ ನೋಡಿ ಬರುತ್ತೇನೆಂದರೆ ಮನೆಯಲ್ಲಿ ನೂರು ಪ್ರಶ್ನೆ; ಹರಕೆಯೆಂದರೆ ಒಂದೂ ಇಲ್ಲ. 2023ರ ಜೂನಿನಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲವೆಂದಾದಾಗ, ಇನ್ನು ಇವರಿಗೆ ಗುಡಿ ಸುತ್ತುವುದೇ ಕೆಲಸವೆಂದು ಹಾಸ್ಯ ಮಾಡಿದವರಿದ್ದರು. ಹಾಸ್ಯ ಮಾಡಿದವರು ಹೊರಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳಬೇಕಾದವರಲ್ಲ.

ಹಾಗೆಂದು ಭಕ್ತಿ ಬರಿಯ ನೆಪವೆನ್ನಲಾರೆ. ನೆಪಕ್ಕಾಗಿ ಯಾರೂ ಸಾವಿರ ಸಲ ಬಗ್ಗುವುದಿಲ್ಲ. ದೇವಿಯ ಮೇಲಿನ ನಂಬಿಕೆಯೂ ಒಂದು ದಿನದ ಬಿಡುವೂ ಅವರಿಗೆ ಒಂದೇ ಬಟ್ಟಲಿನಲ್ಲಿ ಕಲೆಸಿದ ಅರಿಸಿನ ಕುಂಕುಮದಂತೆ. ಬೇರೆ ಮಾಡಲು ಹೊರಟವರ ಕೈಗೇ ಬಣ್ಣ. ಬೆಟ್ಟ ನೋಡಬೇಕೆಂದು ಹೇಳಿಯೇ ಅಮ್ಮ ಹೊರಡುವ ಕಾಲ ಬರಲಿ. ಅಂದೂ ಅವಳು ಅರಿಸಿನದ ಬಟ್ಟಲನ್ನು ಮರೆತು ಬರಲಾರಳು.