ನಡುವಿನ ತೆಳು ಹಾಳೆ

ಮಗನ ವಿದ್ಯುತ್ ಸ್ಕೂಟರಿನ ಬ್ಯಾಟರಿಗೆ ಚಾರ್ಜು ಹಾಕುವುದು ಎಲ್ಲಿ? ಮುಂಬಯಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಇದೇ ಈಗ ದೊಡ್ಡ ಚರ್ಚೆ. ಬಾಗಿಲ ಬಳಿಯ ಪ್ಲಗ್ಗು ಅನುಕೂಲ ಎಂದು ಅವನು. ಹೊರಹೋಗಲು ಇರುವ ದಾರಿ ಅದೊಂದೇ, ಅಲ್ಲಿ ಬೇಡವೆಂದು ನಾವು ಗಂಡಹೆಂಡಿರು.

ಲಿಥಿಯಂ ಬ್ಯಾಟರಿಯಲ್ಲಿ ಎರಡು ಧ್ರುವಗಳನ್ನು ಬೇರ್ಪಡಿಸಿರುವುದು ಪಾಲಿಥೀನಿನಂಥದೊಂದು ಹಾಳೆ. ದಪ್ಪ ಸುಮಾರು 20 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅದರ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿದ ದ್ರವದ ಮೂಲಕ ಲಿಥಿಯಂ ಅಯಾನುಗಳ ಓಡಾಟ. ಹಾಳೆ ತೆಳುವಾದಷ್ಟೂ ಓಡಾಟ ಸಲೀಸು. ಹರಿದರೆ ಮಾತ್ರ ಒಳಗೇ ಶಾರ್ಟ್! ಆ ದ್ರವವಾದರೂ ಇನ್ವರ್ಟರ್ ಬ್ಯಾಟರಿಯ ಆಮ್ಲದ ನೀರಲ್ಲ. ಮೂರು ವೋಲ್ಟಿಗೂ ಮಿಕ್ಕಿದ ಒತ್ತಡದಲ್ಲಿ ನೀರು ಒಡೆದು ಅನಿಲವಾಗುವುದರಿಂದ, ಲಿಥಿಯಂ ಲವಣ ಕರಗಿಸಿದ ಸಾವಯವ ದ್ರಾವಕ ಬಳಸುತ್ತಾರೆ. ಅದು ಹೊತ್ತಿಕೊಳ್ಳುವ ಪದಾರ್ಥ.

ಕಾವು 130 ಡಿಗ್ರಿಯ ಆಸುಪಾಸಿಗೆ ಬಂದರೆ ಪಾಲಿಥೀನ್ ಹಾಳೆ ಮೆತ್ತಗಾಗಿ, ರಂಧ್ರ ಮುಚ್ಚಿ, ಓಡಾಟವನ್ನೇ ನಿಲ್ಲಿಸುತ್ತದೆ. ಜಾಣ ಏರ್ಪಾಡೇ ಸರಿ. ಆದರೆ ಕಾವು ಇನ್ನೂ ಏರಿದರೆ ಹಾಳೆಯೇ ಕುಗ್ಗಿ ಧ್ರುವಗಳು ತಾಗುತ್ತವೆ. ಅದಕ್ಕೆಂದೇ ಈಗ ಸೆರಾಮಿಕ್ ಲೇಪ ಕೊಡುವುದುಂಟು.

"ಅಪ್ಪಾ, ಒಳಗೆ ರಕ್ಷಣೆಯ ಸರ್ಕ್ಯೂಟ್ ಇದೆ" ಎನ್ನುತ್ತಾನೆ ಮಗ. ಇರಲಿ. ಅದು ಅಳೆಯುವುದು ವೋಲ್ಟೇಜು, ಕರೆಂಟು, ಕಾವು. ಹಾಳೆಗಾದ ಸಣ್ಣ ಗಾಯವನ್ನಲ್ಲ. ಹೋದ ವಾರ ಮೆಟ್ಟಿಲ ಮೇಲಿಂದ ಉರುಳಿದ ಬ್ಯಾಟರಿ ಹೊರಗಿನಿಂದ ನೋಡಲು ನೆಟ್ಟಗೇ ಇದೆ. ಆದರೂ ಮಾರಿದವರಲ್ಲಿ ಪರೀಕ್ಷೆಗೆ ಕೊಡಿಸಿದ್ದೇವೆ. ಅಲ್ಲಿಯವರೆಗೆ ಚಿರಂಜೀವಿಯ ಸವಾರಿ ಲೋಕಲ್ ಟ್ರೇನಿನಲ್ಲಿ, ಮುಖ ಊದಿಸಿಕೊಂಡು.