ಗೂಬೆಯ ತಲೆಯ ಮೇಲೆ ಗೂಬೆ ಕೂರಿಸಿದವರು

ಗೂಬೆ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಅಪಶಕುನ, ಸಾವು, ಹಾಳುಬಿದ್ದ ಮನೆ. ಅಲ್ಲವೇ? ನಮ್ಮ ಭಾಷೆಯೂ ಅದನ್ನು ಬಿಟ್ಟಿಲ್ಲ. ಯಾರದೋ ತಪ್ಪನ್ನು ಇನ್ನಾರದೋ ತಲೆಗೆ ಕಟ್ಟಿದರೆ 'ಗೂಬೆ ಕೂರಿಸಿದರು' ಎನ್ನುತ್ತೇವೆ. ಆದರೆ ಆ ಬಡಪಾಯಿ ಹಕ್ಕಿಯ ತಲೆಯ ಮೇಲೆ ನಾವು ಕೂರಿಸಿದ ಗೂಬೆಯನ್ನು ಇಳಿಸುವವರು ಯಾರು?

ನಾನೂ ಹಾಗೆ ಕೂರಿಸಿದವಳೇ. ಅದನ್ನು ನಿಮ್ಮೊಂದಿಗೆ ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರವಾದೀತು.

ಕಾಪುವಿನ ನಮ್ಮ ತವರುಮನೆಯ ಹಿತ್ತಲಲ್ಲಿ ಒಂದು ಹಳೆಯ ಮಾವಿನ ಮರವಿತ್ತು. ನನಗೆ ಹನ್ನೆರಡು ವರ್ಷ. ಅಪ್ಪ ಹಾಸಿಗೆ ಹಿಡಿದಿದ್ದರು. ಪ್ರತಿದಿನ ಸಂಜೆ ಆ ಮರದಿಂದ ಕರ್ಕಶವಾದ ಕೂಗು ಕೇಳಿಬರುತ್ತಿತ್ತು. ನೋಡಲು ಬಂದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. "ಇದು ಕರೆದುಕೊಂಡು ಹೋಗಲಿಕ್ಕೇ ಬಂದದ್ದು" ಎಂದು ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಮರುದಿನ ಸಂಜೆ ಅಂಗಳದ ಕಲ್ಲೊಂದನ್ನು ಎತ್ತಿ ಬೀಸಿದೆ. ಗುರಿ ತಪ್ಪಲಿಲ್ಲ. ರೆಂಬೆಯಿಂದ ಏನೋ ಕೆಳಗೆ ಬಿತ್ತು. ಹತ್ತಿರ ಹೋದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಹಕ್ಕಿ. ಅಗಲವಾದ ಹಳದಿ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ಆ ಕಣ್ಣುಗಳು ಮುಚ್ಚಿಕೊಂಡವು.

ಅದಾಗಿ ಒಂಬತ್ತನೆಯ ದಿನ ಅಪ್ಪ ತೀರಿಕೊಂಡರು. ಹಕ್ಕಿ ಸತ್ತರೂ ಅಪ್ಪ ಉಳಿಯಲಿಲ್ಲ. ಆಮೇಲೂ ಹಲವು ಸಂಜೆ ಮರದಲ್ಲಿ ಒಂದೇ ಒಂದು ಗೂಬೆ ಕೂಗುತ್ತಿತ್ತು. ಅದು ಜೋಡಿಯಾಗಿ ಬದುಕುವ ಹಕ್ಕಿ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ತಿಳಿಸಿದವಳು ನನ್ನ ಮಗಳು. ಶಾಲೆಯಲ್ಲಿ ಊರಿನ ಹಕ್ಕಿಗಳ ಪಟ್ಟಿ ಮಾಡಿಕೊಂಡು ಬರಲು ಹೇಳಿದ್ದರು. ಕಾಗೆ, ಗುಬ್ಬಿ, ಕೊಕ್ಕರೆ ಮುಗಿದ ಮೇಲೆ, "ಉಮ್ಮಾ, ಗೂಬೆ ನೋಡಬೇಕು" ಎಂದು ಹಠ ಹಿಡಿದಳು. ರಾತ್ರಿ ಹೊರಗೆ ಹೋಗುವುದಿಲ್ಲ ಎಂದೆ. "ರಾತ್ರಿ ಬೇಡ, ಹಾಲಕ್ಕಿ ಬೆಳಕಿರುವಾಗಲೇ ಹೊರಗೆ ಬರುತ್ತದಂತೆ" ಎಂದು ಗ್ರಂಥಾಲಯದ ಪುಸ್ತಕ ತೋರಿಸಿದಳು. ಹಾಗೆ ಒಂದು ರವಿವಾರ ಅಸರ್ ನಮಾಝ್ ಮುಗಿಸಿ, ಮಗ್ರಿಬ್ ಬಾಂಗ್‌ಗೆ ಮುನ್ನ ಮನೆ ಸೇರುವ ಕರಾರಿನ ಮೇಲೆ ಇನ್ನಂಜೆ ಕಡೆಯ ಗದ್ದೆಬೈಲಿಗೆ ಹೊರಟೆವು.

ಗದ್ದೆಯ ಬದುವಿನಲ್ಲಿ ನಡೆಯುತ್ತಿದ್ದಾಗ ಒಂದು ಮರದಲ್ಲಿ ಸಣ್ಣ ಹಕ್ಕಿಗಳೆಲ್ಲ ಸೇರಿ ಗಲಾಟೆ ಎಬ್ಬಿಸಿದ್ದವು. ಮಗಳು ನನ್ನ ಸೆರಗು ಎಳೆದಳು. ಎಲೆಗಳ ಮರೆಯಲ್ಲಿ ಎರಡು ಪುಟ್ಟ ಗೂಬೆಗಳು ಒಂದಕ್ಕೊಂದು ಅಂಟಿ ಕುಳಿತಿದ್ದವು. ಬೂದುಗಂದು ಮೈ, ಅದರ ತುಂಬ ಬಿಳಿ ಚುಕ್ಕೆ. ಒಂದು ನಮ್ಮನ್ನು ನೋಡಿ ತಲೆಯನ್ನು ಮೇಲೆ ಕೆಳಗೆ ಆಡಿಸತೊಡಗಿತು, ಸಲಾಂ ಹೇಳುವವರಂತೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಅದೇ ಹಳದಿ ಕಣ್ಣುಗಳು. ಗಂಟಲು ಕಟ್ಟಿತು. ಆದರೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಬಾಂಗ್ ಕೇಳಿಸಿದಾಗಲೇ ಎಚ್ಚರವಾದದ್ದು.

ಅಂದಿನಿಂದ ನಮಗೆ ಇದೊಂದು ಹುಚ್ಚು. ನೆಂಟರ ಮನೆಗೆ, ಮದುವೆಗೆ ಎಲ್ಲಿ ಹೋದರೂ ಕಣ್ಣು ಮರದ ಮೇಲೆ. ಶಿರ್ವ ಕಡೆ ಹೋಗುವಾಗ ಯಾರೂ ವಾಸವಿಲ್ಲದ ಹಂಚಿನ ಮನೆಯೊಂದರ ಮಾಡಿನಲ್ಲಿ ಕಣಜದ ಗೂಬೆ ಕಂಡೆವು. ಮುಖ ಬೆಳ್ಳಗೆ, ಹೃದಯದ ಆಕಾರ. ಹಾರಿದರೆ ಸದ್ದೇ ಇಲ್ಲ. ಅದರ ರೆಕ್ಕೆಯ ಗರಿಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಇರುವುದರಿಂದ ಗಾಳಿಯ ಸದ್ದು ಅಡಗುತ್ತದೆ. ಎರಡು ಕಿವಿಗಳೂ ಒಂದೇ ಎತ್ತರದಲ್ಲಿಲ್ಲ. ಹಾಗಾಗಿ ಗಾಢ ಕತ್ತಲಲ್ಲೂ ಇಲಿ ಎಲ್ಲಿ ಹರಿದಾಡಿತು ಎಂದು ಸದ್ದಿನಿಂದಲೇ ತಿಳಿಯಬಲ್ಲದು. ಕಣ್ಣುಗುಡ್ಡೆ ಹೊರಳಿಸಲು ಬಾರದ ಹಕ್ಕಿಗೆ ಕತ್ತನ್ನೇ 270 ಡಿಗ್ರಿಯಷ್ಟು ತಿರುಗಿಸುವ ಸಾಮರ್ಥ್ಯವಿದೆ. ಸೃಷ್ಟಿಕರ್ತನ ಕುಶಲತೆಗೆ ಸುಬ್‌ಹಾನಲ್ಲಾಹ್ ಎನ್ನದೆ ಇನ್ನೇನು ಹೇಳುವುದು?

ಆ ಮನೆಯ ಜಗಲಿಯಲ್ಲಿ ಹೆಬ್ಬೆರಳಿನ ಗಾತ್ರದ ಬೂದು ಉಂಡೆಗಳು ಬಿದ್ದಿದ್ದವು. ಇಲಿಯನ್ನು ಇಡಿಯಾಗಿ ನುಂಗುವ ಗೂಬೆ, ಜೀರ್ಣವಾಗದ ರೋಮ, ಮೂಳೆಗಳನ್ನು ಹೀಗೆ ಉಂಡೆ ಮಾಡಿ ಉಗುಳುತ್ತದೆ. ಮಗಳು ಕಡ್ಡಿಯಿಂದ ಒಂದನ್ನು ಬಿಡಿಸಿದಾಗ ಒಳಗೆ ಇಲಿಯ ದವಡೆ! ಗದ್ದೆಯ ಭತ್ತ, ಕಣಜದ ಅಕ್ಕಿ ತಿನ್ನುವ ಇಲಿಗಳನ್ನು ಸಂಬಳವಿಲ್ಲದೆ ಹಿಡಿಯುವ ಕಾವಲುಗಾರ ಇದು. ಮಲೇಷ್ಯಾದಲ್ಲಿ ತಾಳೆಎಣ್ಣೆ ತೋಟದವರು ಗೂಬೆಗಳಿಗಾಗಿಯೇ ಕಂಬ ನೆಟ್ಟು ಮರದ ಗೂಡು ಕಟ್ಟಿಕೊಡುತ್ತಾರೆ. ಜೋರ್ಡಾನಿನಲ್ಲೂ ರೈತರು ಹಳೆಯ ಭಯ ಬಿಟ್ಟು ಹೊಲಗಳಲ್ಲಿ ಅಂಥ ಗೂಡುಗಳನ್ನು ಇಟ್ಟಿದ್ದಾರೆ.

ಕಾರ್ಕಳದಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಉಳಿದಿದ್ದಾಗ, ಸುಬಹಿ ನಮಾಝ್ ಆದ ಕೂಡಲೇ ಹೊಳೆಯ ಬದಿಗೆ ಹೋಗಿ ಮೀನುಗೂಬೆಯನ್ನೂ ಕಂಡೆವು. ದೊಡ್ಡ ಗಾತ್ರ, ಗರಿಯಿಲ್ಲದ ಕಾಲು. ಅದರ ಪಾದದಡಿ ಮುಳ್ಳುಮುಳ್ಳಾಗಿರುತ್ತದೆ, ಮೀನು ಜಾರದಿರಲೆಂದು. ಅಂದು ನಮಗೆ ಸಿಕ್ಕಿದ್ದು ಎರಡೇ ನಿಮಿಷ. ಮಗಳು ಅದನ್ನು ವಾರವಿಡೀ ಹೇಳಿಕೊಂಡು ತಿರುಗಿದಳು.

ಸಹೋದರಿಯರೇ, ಇನ್ನೊಂದು ಮಾತು. ಇಸ್ಲಾಮಿನ ಪೂರ್ವದ ಅರಬರಿಗೂ ಗೂಬೆಯ ಭಯವಿತ್ತು. ಕೊಲೆಯಾದವನ ಆತ್ಮ ಗೂಬೆಯಾಗಿ, ಸೇಡು ತೀರುವ ತನಕ ಬಾಯಾರಿಕೆಯಿಂದ ಕೂಗುತ್ತದೆ ಎಂದು ಅವರು ನಂಬಿದ್ದರು. ಅದನ್ನು 'ಹಾಮ' ಎನ್ನುತ್ತಿದ್ದರು. ಪ್ರವಾದಿ ಮುಹಮ್ಮದ್(ಸ) ಅಪಶಕುನವನ್ನು ನಿರಾಕರಿಸಿದಾಗ ಈ ಹಾಮವನ್ನೂ ಹೆಸರಿಸಿಯೇ ನಿರಾಕರಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಇದು ತಿಳಿದ ದಿನ ನನಗೆ ನಾಚಿಕೆಯಾಯಿತು. ಹದಿನಾಲ್ಕು ಶತಮಾನಗಳ ಹಿಂದೆಯೇ ಕಳಚಿದ ಭಯವನ್ನು ನಾವು ನಮ್ಮ ಮನೆಯ ಮಾಡಿನ ಮೇಲೆ ಇನ್ನೂ ಕೂರಿಸಿಕೊಂಡಿದ್ದೇವಲ್ಲ!

ಈ ಭಯದ ಬೆಲೆ ತೆರುವುದು ಹಕ್ಕಿ. ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಅವರ ಅಧ್ಯಯನದ ಮೇಲೆ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿ ಮಾಟಮಂತ್ರಕ್ಕಾಗಿ ಗೂಬೆಗಳನ್ನು ಕದ್ದುಮುಚ್ಚಿ ಹಿಡಿದು ಮಾರುವ ದಂಧೆಯನ್ನು ಅದು ಬಯಲಿಗೆಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆಯನ್ನು ಹಿಡಿಯುವುದೂ ಮಾರುವುದೂ ಅಪರಾಧ.

ನನ್ನ ಉಮ್ಮನ ಭಯ ಮಾತ್ರ ಹೋಗಿರಲಿಲ್ಲ. ಗೂಬೆಯ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಕಳೆದ ಚಳಿಗಾಲದಲ್ಲಿ ತವರಿನ ಅದೇ ಮಾವಿನ ಮರದ ಪೊಟರೆಗೆ ಒಂದು ಜೋಡಿ ಹಾಲಕ್ಕಿ ಬಂತು. ಮಗಳು ಅಜ್ಜಿಯ ಕೈಹಿಡಿದು ಹಿತ್ತಲಿಗೆ ಕರೆತಂದಳು. ಉಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲನೆ, "ಇಷ್ಟು ಚಿಕ್ಕದಾ? ಇದಕ್ಕಾ ನಾವು ಅಷ್ಟು ಹೆದರಿದ್ದು?" ಎಂದರು.

ನಾನು ಕಲ್ಲೆಸೆದ ಕತೆಯನ್ನು ಅಂದೇ ಮೊದಲ ಬಾರಿ ಅವರಿಗೆ ಹೇಳಿದೆ. ಉಮ್ಮ ನನ್ನನ್ನು ಬಯ್ಯಲಿಲ್ಲ. "ಅಪ್ಪನನ್ನು ಉಳಿಸಲಿಕ್ಕೆಂದು ಎಸೆದದ್ದಲ್ಲವಾ ಮಗಳೇ" ಎಂದು ತಲೆ ಸವರಿದರು.

ನಿಮ್ಮ ಊರಿನಲ್ಲೂ ಗೂಬೆಗಳಿವೆ. ಸಂಜೆ ಮಕ್ಕಳೊಂದಿಗೆ ಹೊರಡಿ. ಮರದ ಬುಡದಲ್ಲಿ ಬಿಳಿಯ ಹಿಕ್ಕೆ ಕಂಡರೆ ತಲೆ ಎತ್ತಿ ನೋಡಿ. ಸಣ್ಣ ಹಕ್ಕಿಗಳ ಗಲಾಟೆಗೆ ಕಿವಿಗೊಡಿ. ಗೂಡಿಗೆ ಕೈಹಾಕಬೇಡಿ, ಕಣ್ಣಿಗೆ ಟಾರ್ಚ್ ಹಿಡಿಯಬೇಡಿ. ಮಕ್ಕಳ ಕೈಗೆ ಕಲ್ಲು ಬರುವ ಮುನ್ನ ಅವರ ಕಣ್ಣಿಗೆ ಆ ಹಕ್ಕಿಯನ್ನು ತೋರಿಸಿಬಿಡಿ.