ಒರೆಯ ನೆನಪು

ಕತ್ತಿಯನ್ನು ಹೊಗಳಿದವರು ಬಹಳ. ಒರೆಯನ್ನು ಹೊಗಳಿದವರು ವಿರಳ. ವೀರಗಲ್ಲುಗಳಲ್ಲಿ ಹಿರಿದ ಕತ್ತಿಗೆ ಸಿಕ್ಕ ಸ್ಥಾನ ಬರಿದಾದ ಒರೆಗೆ ಸಿಕ್ಕಲಿಲ್ಲ. ಗಾದೆಯಲ್ಲಿ ಅದಕ್ಕೊಂದು ಮೂಲೆ ದೊರೆತಿದೆಯೆಂದರೆ, ಅದೂ ಎರಡು ಕತ್ತಿಗಳಿಗೆ ಅಲ್ಲಿ ಜಾಗವಿಲ್ಲವೆಂಬ ದೂರಿನ ರೂಪದಲ್ಲಿ. ಆದರೆ ಎಂಥ ಹರಿತವಾದ ಅಲಗೂ ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ಒರೆಯ ಒಳಗೇ ಅಲ್ಲವೆ? ಹಗೆಯಿಂದ ಒಡೆಯನನ್ನು ಕಾಯುವುದು ಕತ್ತಿ. ಆ ಕತ್ತಿಯಿಂದಲೇ ಒಡೆಯನನ್ನು ಕಾಯುವುದು ಒರೆ.

ಈ ಎಚ್ಚರ ಮನುಷ್ಯನಿಗೆ ಬಹು ಹಿಂದೆಯೇ ಬಂದಿತ್ತು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷಗಳಷ್ಟು ಹಳೆಯ ಪುರುಷದೇಹವೊಂದು ದೊರಕಿತು. ವಿದ್ವಾಂಸರು ಅವನನ್ನು ಓಟ್ಜಿ ಎಂದು ಕರೆಯುತ್ತಾರೆ. ಅವನ ಬಳಿ ಚಕಮಕಿ ಕಲ್ಲಿನ ಪುಟ್ಟ ಚೂರಿಯೊಂದಿತ್ತು. ಅದಕ್ಕೆ ಲಿಂಡನ್ ಮರದ ನಾರಿನಿಂದ ಹೆಣೆದ ಒರೆಯೂ ಇತ್ತು. ನಮ್ಮ ಕೊಡಗಿನವರು ಕುಪ್ಯದ ಮೇಲೆ ಸುತ್ತಿದ ಕೆಂಪು ಚೇಲೆಯಲ್ಲಿ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಗೆ ಬೆಳ್ಳಿಯ ಕುಸುರಿಯ ಒರೆಯಿದೆ. ಅಗಲವಾದ ಒಡಿಕತ್ತಿಗಾದರೋ ಒರೆಯಿಲ್ಲ. ಅದು ಬೆನ್ನಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ತೂಗುತ್ತದೆ. ಅದನ್ನು ಕಟ್ಟಿಕೊಂಡು ಕುಣಿಯಬಲ್ಲವರ ಧೈರ್ಯಕ್ಕೆ ನಮಸ್ಕಾರ!

ಬಹುಕಾಲ ಜಗತ್ತಿನ ಚೂರಿಗಳಿಗೆಲ್ಲ ಚರ್ಮವೇ ಮನೆಯಾಗಿತ್ತು. ಚರ್ಮ ಮೃದು, ಸುಂದರ, ವಾಸನೆಯಲ್ಲಿಯೂ ಒಂದು ಬಗೆಯ ಆಪ್ತತೆಯುಳ್ಳದ್ದು. ಆದರೆ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಹದಮಾಡುವಾಗ ಉಳಿದ ಆಮ್ಲವೂ ಹೀರಿಕೊಂಡ ತೇವವೂ ಸೇರಿ ಉಕ್ಕಿಗೆ ತುಕ್ಕನ್ನು ತರುತ್ತವೆ. ಹಳೆಯ ಒರೆಯ ಹೊಲಿಗೆಯನ್ನು ಅಲಗು ಒಳಗಿನಿಂದಲೇ ಮೆಲ್ಲಮೆಲ್ಲನೆ ಕೊಯ್ಯುವುದುಂಟು. ಹೊರಗೆ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಬೇಟೆಗಾರ ಮರದ ದಿಮ್ಮಿಯ ಮೇಲೆ ಕುಳಿತೇಳುವ ಹೊತ್ತಿಗೆ ಹೊಲಿಗೆ ಬಿಟ್ಟುಕೊಂಡರೆ, ಗಾಯವಾಗುವುದು ತೊಡೆಗೆ. ಅಲ್ಲಿಯೇ ದೊಡ್ಡ ರಕ್ತನಾಳವೂ ಇರುವುದು. ಬಲ್ಲ ಚರ್ಮಕಾರನು ಹೊಲಿಗೆಗೂ ಅಲಗಿಗೂ ನಡುವೆ ಚರ್ಮದ ದಪ್ಪ ಪಟ್ಟಿಯೊಂದನ್ನು ಇಡುವುದು ಈ ಕಾರಣದಿಂದಲೇ.

ಈ ಚರ್ಮಕ್ಕೆ ಪ್ರತಿಸ್ಪರ್ಧಿಯೊಂದು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಹಿಂದೆ ಯೂರೋಪಿನಲ್ಲಿ ತೊಗಲನ್ನು ಮೆತ್ತಗಾಗಿಸಲು ನಾಯಿಯ ಮಲವನ್ನು ಬಳಸುತ್ತಿದ್ದರು. ಆಟೋ ರೋಮ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಅದಕ್ಕೆ ಬದಲಾಗಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ರಸದಿಂದ ಶುಚಿಯಾದ ಪುಡಿಯೊಂದನ್ನು ತಯಾರಿಸಿದನು. ಆಟೋ ಹಾಸ್ ಎಂಬ ವ್ಯಾಪಾರಿಯೊಡನೆ ಕೂಡಿ 1907ರಲ್ಲಿ ಕಂಪನಿಯನ್ನು ಕಟ್ಟಿದನು. 1909ರಲ್ಲಿ ಹಾಸ್ ಅಮೆರಿಕದ ಫಿಲಡೆಲ್ಫಿಯಕ್ಕೆ ಹೋಗಿ ಅಲ್ಲಿಯ ಚರ್ಮೋದ್ಯಮಕ್ಕೆ ಆ ಪುಡಿಯನ್ನು ಮಾರತೊಡಗಿದನು. ಹೀಗೆ ಚರ್ಮದಿಂದ ಅನ್ನ ಕಂಡ ಆ ಮನೆತನದಿಂದಲೇ, 1965ರಲ್ಲಿ, ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆ ಹೊರಬಂದಿತು. ಆಕ್ರಿಲಿಕ್ ಮತ್ತು ಪಿ.ವಿ.ಸಿ.ಗಳ ಮಿಶ್ರಣವಾದ ಇದನ್ನು ಉದ್ದೇಶಿಸಿದ್ದು ವಿಮಾನಗಳ ಒಳಾಂಗಣಕ್ಕೆ. ಮುಂದೆ ಅದು ಪಿಸ್ತೂಲಿನ ಚೀಲವಾಯಿತು, ಚೂರಿಯ ಒರೆಯಾಯಿತು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಇರಬೇಕು.

ಈಗ ಅಮೆರಿಕದಲ್ಲಿ ಎಷ್ಟೋ ಗೃಹಸ್ಥರು ರಜೆಯ ದಿನ ಕಾರಿನ ಕೊಟ್ಟಿಗೆಯಲ್ಲಿ ಕುಳಿತು ಒರೆಗಳನ್ನು ತಾವೇ ಎರಕ ಹೊಯ್ದಂತೆ ಒತ್ತಿ ತೆಗೆಯುತ್ತಾರೆ. ಮೊದಮೊದಲು ಇವರ ಕಣ್ಣು ಬೀಳುವುದು ಅಡಿಗೆಮನೆಯ ರೊಟ್ಟಿ ಸುಡುವ ಒಲೆಯ ಮೇಲೆ. ಇದಕ್ಕೆ ಗೃಹಿಣಿ ಒಪ್ಪದಿರುವುದು ಕೇವಲ ಹಟವಲ್ಲ, ಪಿ.ವಿ.ಸಿ. ಮಿತಿಮೀರಿ ಕಾದು ಸೀದರೆ ಹೊರಡುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಅನ್ನದ ಒಲೆಯಲ್ಲಿ ಅದಕ್ಕೆ ಜಾಗವಿರಬಾರದು. ಬಿಸಿಗಾಳಿಯ ಪಿಚಕಾರಿಯಿಂದ ಕಾಯಿಸಿದರೆ ಒಂದು ಮೂಲೆ ಕರಗಿ ಹೊಳೆಯುವಾಗ ಇನ್ನೊಂದು ಮೂಲೆ ಸೆಟೆದೇ ನಿಂತಿರುತ್ತದೆ. ಕಡೆಗೆ ಇವರು ಕಂಡುಕೊಂಡದ್ದು, ಅಂಗಿ ಬನಿಯನುಗಳ ಮೇಲೆ ಚಿತ್ರ ಒತ್ತುವ ಹೀಟ್ ಪ್ರೆಸ್ಸನ್ನು. ದೋಸೆಯ ಕಾವಲಿಯನ್ನು ಬೋರಲಾಗಿ ಕೀಲಿಗೆ ಕಟ್ಟಿದಂತಿರುವ ಯಂತ್ರ ಅದು. ಇಷ್ಟು ಶಾಖ, ಇಷ್ಟು ಹೊತ್ತು ಎಂದು ಗೊತ್ತುಮಾಡಿದರೆ, ಹಾಳೆಯ ಮೈಯೆಲ್ಲ ಸಮನಾಗಿ ಕಾಯುತ್ತದೆ.

ಆದರೂ ಯಂತ್ರವನ್ನು ನಂಬಿ ಕೈಕಟ್ಟಿ ಕೂರುವ ಹಾಗಿಲ್ಲ. ಸಾಮಾನ್ಯವಾಗಿ ಬಳಸುವ ಹಾಳೆಯ ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಬೇಕಾದ ಶಾಖ ಸುಮಾರು 160ರಿಂದ 175 ಡಿಗ್ರಿ ಸೆಂಟಿಗ್ರೇಡ್. ಮೇಲಿನ ಕಾವಲಿ ಹಾಳೆಯನ್ನು ಅದುಮಬಾರದು, ಸೋಕಿದರೆ ಸಾಕು. ಅದುಮಿದರೆ ಮೇಲ್ಮೈಯ ಚರ್ಮದಂಥ ತರಿ ಅಳಿಸಿಹೋಗುತ್ತದೆ. ಅಂಟದಂತೆ ನಡುವೆ ಟೆಫ್ಲಾನ್ ಹೊದಿಕೆಯಿರಬೇಕು. ಯಂತ್ರ ಕಾಯುವುದು ಮೇಲುಗಡೆಯಿಂದ ಮಾತ್ರವಾದರೆ ಹಾಳೆಯನ್ನು ಮಧ್ಯೆ ಮಗುಚಿಹಾಕಬೇಕು. ಅತ್ತ ಚೂರಿಗೂ ಸಿದ್ಧತೆ ಉಂಟು. ಅಲಗಿಗೆ ಗೀರು ಬೀಳದಂತೆಯೂ ಒಳಗೆ ಕೂದಲೆಳೆಯಷ್ಟು ಸಡಿಲವಿರುವಂತೆಯೂ ಅಂಟುಪಟ್ಟಿಯನ್ನು ಸುತ್ತುತ್ತಾರೆ. ಹಾಳೆ ಬೆಂದ ಹಪ್ಪಳದ ಹಿಟ್ಟಿನಂತೆ ಜೋತುಬಿದ್ದಾಗ ಕೈಗವಸು ತೊಟ್ಟು ಅದನ್ನೆತ್ತಿ ಚೂರಿಯ ಮೇಲೆ ಮಡಿಸಿ, ದಪ್ಪ ಫೋಮ್ ಹಾಸಿದ ಎರಡು ಹಲಗೆಗಳ ನಡುವೆ ಇಟ್ಟು ಬಿಗಿಯಬೇಕು. ಇದೆಲ್ಲ ನಡೆಯಬೇಕಾದದ್ದು ಕೆಲವೇ ಕ್ಷಣಗಳಲ್ಲಿ. ಆಮೇಲೆ ಹತ್ತು ನಿಮಿಷ ಸುಮ್ಮನಿರಬೇಕು. ಇಡೀ ಕೆಲಸದಲ್ಲಿ ಅತಿ ಕಠಿಣವಾದ ಭಾಗ ಈ ಸುಮ್ಮನಿರುವಿಕೆಯೇ. ಬಿಸಿಯಾರುವ ಮುನ್ನ ತೆರೆದವನಿಗೆ ಒರೆ ಬಾಯಿಬಿಟ್ಟುಕೊಂಡು ನಗುತ್ತದೆ.

ಅಂಥವನಿಗೂ ಕೈಡೆಕ್ಸ್ ಒಂದು ಉಪಕಾರ ಮಾಡುತ್ತದೆ. ಅದಕ್ಕೆ ತನ್ನ ಮೊದಲ ರೂಪದ ನೆನಪಿರುತ್ತದೆ. ಕೆಟ್ಟ ಒರೆಯನ್ನು ಮತ್ತೆ ಯಂತ್ರದ ಕೆಳಗಿಟ್ಟು ಕಾಯಿಸಿದರೆ ಉಬ್ಬುತಗ್ಗುಗಳೆಲ್ಲ ಇಳಿದು, ಹೆಚ್ಚುಕಡಿಮೆ ಮೊದಲಿನ ಸಪಾಟು ಹಾಳೆಯಾಗಿ ಮಲಗುತ್ತದೆ. ಚರ್ಮಕ್ಕೆ ಈ ಔದಾರ್ಯವಿಲ್ಲ. ಹಾಗೆಂದು ಅಂಚನ್ನು ಕತ್ತರಿಸಿ, ರಂಧ್ರ ಕೊರೆದು, ಟೊಳ್ಳು ರಿವೆಟ್ಟುಗಳನ್ನು ಬಡಿದ ಮೇಲೆ ಪಶ್ಚಾತ್ತಾಪಪಟ್ಟು ಫಲವಿಲ್ಲ.

ಒಳ್ಳೆಯ ಒರೆಯ ಗುರುತು ಅದರ ಸದ್ದು. ಚೂರಿಯ ಹಿಡಿಯ ಬುಡದಲ್ಲಿರುವ ತಗ್ಗನ್ನೋ ಅಡ್ಡಪಟ್ಟಿಯನ್ನೋ ಪ್ಲಾಸ್ಟಿಕ್ಕು ಅಪ್ಪಿಕೊಂಡಿರುತ್ತದೆ. ಒಳಗೆ ನೂಕಿದಾಗ 'ಟಕ್' ಎನ್ನುತ್ತದೆ. ಪಟ್ಟಿಯಿಲ್ಲ, ಗುಂಡಿಯಿಲ್ಲ. ಪುಟ್ಟ ದೋಣಿಯಲ್ಲಿ ರಭಸದ ನದಿಗಿಳಿಯುವವನು ಚೂರಿಯನ್ನು ಎದೆಯ ಕವಚಕ್ಕೆ ಸಿಕ್ಕಿಸಿಕೊಂಡಿರುತ್ತಾನೆ. ದೋಣಿ ಮಗುಚಿ ಹಗ್ಗ ಕಾಲಿಗೆ ಸುತ್ತಿಕೊಂಡಾಗ ಚೂರಿ ಅಲ್ಲಿರಬೇಕು, ಎಳೆದೊಡನೆ ಕೈಗೆ ಬರಲೂ ಬೇಕು. ಸಡಿಲವಾದ ಒರೆ ಅದನ್ನು ನದಿಗೆ ಕೊಟ್ಟಿರುತ್ತದೆ. ಬಿಗಿಯಾದ ಒರೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಫಲ ಒಂದೇ. ಆದ್ದರಿಂದ ಮಾಡಿದವರು ಒರೆಯನ್ನು ತಲೆಕೆಳಗು ಹಿಡಿದು ಜಾಡಿಸಿ ಪರೀಕ್ಷಿಸುತ್ತಾರೆ. ವಿವೇಕಿಗಳು ಹುಲ್ಲಿನ ಮೇಲೆ, ಕಾಲನ್ನು ದೂರವಿಟ್ಟುಕೊಂಡು.

ಕುಂದುಗಳೂ ಇವೆ. ಒಳಗೆ ಸೇರಿದ ಮರಳಿನ ಕಣ ಹಿರಿದಾಗಲೆಲ್ಲ ಅಲಗನ್ನು ಗೀರುತ್ತದೆ. ಒರೆಯನ್ನು ಆಗಾಗ ತೊಳೆಯಬೇಕು, ನೀರಿಳಿಯಲು ತುದಿಯಲ್ಲಿ ರಂಧ್ರವಿರಬೇಕು. ರೂಪಿನಲ್ಲಂತೂ ಚರ್ಮದ ಮುಂದೆ ಇದು ದರಿದ್ರವೇ ಸರಿ.

ತಂದೆಯಿಂದ ಬಂದ ಹಳೆಯ ಚೂರಿಗೆ ಒರೆ ಮಾಡುವಾಗ ಮಾತ್ರ ಎಂಥ ನುರಿತವನ ಕೈಯೂ ಹಿಂಜರಿಯುತ್ತದೆ. ಜಿಂಕೆಯ ಕೊಂಬಿನ ಹಿಡಿ, ಅದರೊಳಗೆ ಎಂದೋ ತುಂಬಿದ ಅಂಟು. ಬಿಸಿ ಹಾಳೆಯ ಅಪ್ಪುಗೆಯನ್ನು ಅವು ತಾಳಿಯಾವೆ ಎಂದು ಹೇಳುವವರಾರು? ಅಂಥವನು ಮೊದಲು ಗಟ್ಟಿ ಮರದಲ್ಲಿ ಆ ಚೂರಿಯದೇ ಪ್ರತಿರೂಪವನ್ನು ಕೆತ್ತುತ್ತಾನೆ. ಅಳೆಯುತ್ತಾನೆ, ಮರಳುಕಾಗದದಿಂದ ಉಜ್ಜುತ್ತಾನೆ, ಮತ್ತೆ ಅಳೆಯುತ್ತಾನೆ. ಹೀಟ್ ಪ್ರೆಸ್ಸಿನ ಒಂದೆರಡು ನಿಮಿಷದ ಕೆಲಸಕ್ಕಾಗಿ ಇಡೀ ಎರಡು ಸಂಜೆಗಳು ಕಳೆಯುತ್ತವೆ. ಒರೆಯನ್ನು ಒತ್ತುವುದು ಆ ಮರದ ಚೂರಿಯ ಮೇಲೆ. ನಿಜವಾದ ಚೂರಿ ಅಷ್ಟು ಹೊತ್ತೂ ಬಟ್ಟೆಯಲ್ಲಿ ಸುತ್ತಿಕೊಂಡು ಮೇಜಿನ ಆಚೆ ತುದಿಯಲ್ಲಿ ಮಲಗಿರುತ್ತದೆ.